ಏಳು ಗಂಟೆ ಹತ್ತು ನಿಮಿಷ

ಕದಿರಮ್ಮನ ಎಡಗೈ ಸುಟ್ಟದ್ದು ಮಂಗಳವಾರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ. ಕಂಪನಿಯ ದಾಖಲೆಯ ಪ್ರಕಾರ ಆ ಹೊತ್ತಿಗೆ ಆಕೆ ಕಂಪನಿಯಲ್ಲಿ ಇರಲಿಲ್ಲ. ಐದು ಗಂಟೆ ಮೂವತ್ತೊಂದು ನಿಮಿಷಕ್ಕೆ ಬೆರಳೊತ್ತಿ ಮನೆಗೆ ಹೋಗಿದ್ದಳು.

ಕಂಪನಿ ಎಂದರೆ ರಾಯದುರ್ಗದ ಹೊರಗೆ, ಗುಮ್ಮಘಟ್ಟದ ರಸ್ತೆಗೆ ಹೊಂದಿಕೊಂಡ ಜೀನ್ಸ್ ಕಾರ್ಖಾನೆ. ತಗಡಿನ ಚಾವಣಿ, ನೂರಾ ಎಂಬತ್ತು ಹೊಲಿಗೆ ಯಂತ್ರ, ನಾಲ್ಕು ಲೈನು. ಮೂರನೇ ಲೈನಿನಲ್ಲಿ ನಲವತ್ತೆರಡು ಹೆಂಗಸರು. ಕದಿರಮ್ಮ ಆ ಲೈನಿನ ತುದಿಯಲ್ಲಿ ಇಸ್ತ್ರಿ ಹಾಕುವವಳು. ವಯಸ್ಸು ನಲವತ್ತಾರು. ಹಬೆಯ ಇಸ್ತ್ರಿಪೆಟ್ಟಿಗೆ ಎರಡೂವರೆ ಕಿಲೋ ತೂಗುತ್ತದೆ. ಒಂದು ಪ್ಯಾಂಟಿಗೆ ಎಂಟು ಸಲ ಎತ್ತಿ ಇಳಿಸಬೇಕು. ದಿನಕ್ಕೆ ಐನೂರು ಪ್ಯಾಂಟು. ನಾಲ್ಕು ಸಾವಿರ ಸಲ.

ಆ ದಿನ ನಾಲ್ಕು ಸಾವಿರದ ಆಚೆ ಎಲ್ಲೋ ಕದಿರಮ್ಮನ ಕಣ್ಣು ಒಂದು ಗಳಿಗೆ ಮುಚ್ಚಿತು. ಬಟ್ಟೆ ಹರಡಿ ಹಿಡಿದಿದ್ದ ಎಡಗೈ ಮೇಲೆ ಪೆಟ್ಟಿಗೆ ಇಳಿಯಿತು. ಎತ್ತಿದಾಗ ಅಂಗೈಯ ಹಿಂಬದಿಯಲ್ಲಿ ಪೆಟ್ಟಿಗೆಯ ತಳದ ತೂತುಗಳು ಸಾಲುಸಾಲಾಗಿ ಮೂಡಿದ್ದವು. ಕಿರುಚಿದ್ದು ಕದಿರಮ್ಮನಲ್ಲ, ಪಕ್ಕದಲ್ಲಿ ದಾರ ಕತ್ತರಿಸುತ್ತಿದ್ದ ಹೆಂಗಸು. ಸೂಪರ್‌ವೈಸರ್ ಆಂಜನಪ್ಪ ತನ್ನ ಬೈಕಿನಲ್ಲಿ ಆಕೆಯನ್ನು ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ.

ಐದೂ ಮೂವತ್ತೊಂದರ ಕಥೆ ಬೇರೆ. ಸಂಜೆ ಐದೂವರೆಗೆ ಆಂಜನಪ್ಪ ಸೀಟಿ ಊದುತ್ತಾನೆ. ಯಂತ್ರಗಳು ನಿಲ್ಲುತ್ತವೆ. ಹೆಂಗಸರು ಸಾಲಾಗಿ ಬಾಗಿಲ ಬಳಿ ಹೋಗಿ ಹಾಜರಿಯ ಯಂತ್ರಕ್ಕೆ ಬೆರಳೊತ್ತುತ್ತಾರೆ. ಡೆನಿಮ್ಮಿಗೆ ಬೆರಳಿನ ಗೆರೆ ಸವೆದವರು ಬೆರಳನ್ನು ಬೈತಲೆಯ ಎಣ್ಣೆಗೆ ಉಜ್ಜಿ ಒತ್ತುತ್ತಾರೆ. ಯಂತ್ರ ಥ್ಯಾಂಕ್ಯೂ ಅನ್ನುತ್ತದೆ. ಆಮೇಲೆ ಅದೇ ಸಾಲು ಹಿಂದಕ್ಕೆ ತಿರುಗಿ ಒಳಗೆ ಬಂದು ಕೂರುತ್ತದೆ. ಏಳೂವರೆಯವರೆಗೆ, ಕೆಲವು ದಿನ ಎಂಟರವರೆಗೆ. ಇದಕ್ಕೆ ‘ಬೆರಳು ಮುಗಿಸೋದು’ ಎಂದು ಹೆಸರು. ಹೊಸದಾಗಿ ಸೇರಿದವಳು ಮೊದಲ ದಿನ ಬೆರಳೊತ್ತಿ ಚಪ್ಪಲಿ ಮೆಟ್ಟಿದರೆ ಉಳಿದವರು ನಗುತ್ತಾರೆ.

ಏಳು ವರ್ಷದಿಂದ ಇದು ನಡೆದಿದೆ. ಕಂಪನಿಯ ವೆಬ್‌ಸೈಟಿನಲ್ಲಿ ಹಾಜರಿಯ ಪುಟವಿದೆ. ಅದರಲ್ಲಿ ಹೆಚ್ಚುವರಿ ಹೊತ್ತಿಗೆಂದು ಓಟಿ ಎಂಬ ಕಾಲಮ್ಮಿದೆ. ಏಳು ವರ್ಷದಿಂದ ಅದರಲ್ಲಿ ಸೊನ್ನೆಯಿದೆ.

*

ಬುಧವಾರ ಬೆಳಿಗ್ಗೆ ಕದಿರಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಹಾದಿಯಲ್ಲಿ ಸರ್ಕಾರಿ ಆಸ್ಪತ್ರೆಗೂ ತೋರಿಸಿ ಬಂದಿದ್ದಳು. ಅಲ್ಲಿಯ ಡಾಕ್ಟರು ಎರಡು ಬೆರಳಿನ ನರದ ಹತ್ತಿರ ಸುಟ್ಟಿದೆ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ತಡವಾದರೆ ಬೆರಳು ಮಡಚಿದ್ದು ಮಡಚಿಯೇ ಉಳಿಯುತ್ತದೆ ಎಂದಿದ್ದರು. ಕಂಪನಿಯವರು ಅಪಘಾತದ ಫಾರಂ ತುಂಬಿಕೊಟ್ಟರೆ ವಿಮೆಯ ಆಸ್ಪತ್ರೆಯಲ್ಲಿ ಎಲ್ಲಾ ಆಗುತ್ತದೆ ಎಂದೂ ಹೇಳಿದ್ದರು. ಆಕೆಗೆ ಬೇಕಾಗಿದ್ದು ಆ ಒಂದು ಫಾರಂ.

ಓದಲು ಬಾರದ ಕಾರಣ ಸುನೀತಾಳನ್ನು ಜೊತೆಗೆ ಕರೆದುಕೊಂಡು ಆಫೀಸಿಗೆ ಹೋದಳು. ಇಬ್ಬರೂ ಒಂದೇ ಊರಿನವರು, ಒಂದೇ ಕಾಲನಿಯವರು.

ಸುನೀತಾ ಮೂರನೇ ಲೈನಿನ ಸ್ಕ್ಯಾನಿಂಗ್ ಮೇಜಿನಲ್ಲಿ ಕೂರುವವಳು. ಇಪ್ಪತ್ತಮೂರು ವರ್ಷ. ರಾಯದುರ್ಗದಲ್ಲೇ ಕಂಪ್ಯೂಟರ್ ಡಿಗ್ರಿ ಮಾಡಿದ್ದಳು. ಕೈಗೆ ಬಂದ ಆರ್ಡರಿನಲ್ಲಿ ಕಂಪ್ಯೂಟರ್ ಆಪರೇಟರ್, ಆಫೀಸು ಎಂದೇ ಬರೆದಿತ್ತು. ಸೇರಿದ ದಿನ ಮ್ಯಾನೇಜರ್ ಚಂದ್ರಮೋಹನ್ ಯಾವ ಊರು ಎಂದು ಕೇಳಿದ. ಹೇಳಿದಳು. ಊರ ಒಳಗಾ, ಆಚೆಗಾ ಎಂದು ಕೇಳಿದ. ಕಾಲನಿ ಸಾರ್ ಎಂದಳು. ಮರುದಿನ ಆಕೆಯ ಕುರ್ಚಿ ಆಫೀಸಿನಲ್ಲಿರಲಿಲ್ಲ. ಬಟ್ಟೆ ತೊಳೆಯುವ ಸೆಕ್ಷನ್ನಿನ ಗೋಡೆಯ ಪಕ್ಕ, ಆಸಿಡ್ಡಿನ ವಾಸನೆಯಲ್ಲಿ, ಒಂದು ಮೇಜು ಹಾಕಿದ್ದರು. ಆಫೀಸಿನ ಕುರ್ಚಿಯಲ್ಲಿ ಡಿಗ್ರಿಯಿಲ್ಲದ ಬೇರೊಬ್ಬಳು ಕೂತಿದ್ದಳು.

ಹತ್ತು ಪ್ಯಾಂಟಿಗೆ ಒಂದು ಬಂಡಲ್. ಬಂಡಲ್ ಮುಗಿಸಿದವಳು ಅದರ ಚೀಟಿಯನ್ನೂ ತನ್ನ ಕೊರಳಿನ ಕಾರ್ಡನ್ನೂ ತಂದು ಕೊಡಬೇಕು. ಸುನೀತಾ ಎರಡನ್ನೂ ಸ್ಕ್ಯಾನ್ ಮಾಡಬೇಕು. ಅಷ್ಟೇ ಕೆಲಸ. ಪೇಟೆಯ ಹೆಂಗಸರು ಕೆಲವರು ಕಾರ್ಡನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲೆ ಇಡುತ್ತಿದ್ದರು.

ಚಂದ್ರಮೋಹನ್ ಕಂಪ್ಯೂಟರಿನ ಪರದೆಯನ್ನು ಇಬ್ಬರ ಕಡೆ ತಿರುಗಿಸಿದ. ಅವನು ಮಡಕಶಿರದವನು. ಕಂಪನಿಯ ಇನ್ನೊಂದು ಕಾರ್ಖಾನೆ ಅಲ್ಲಿದೆ. ಅಲ್ಲಿಂದಲೇ ಬಂದವನು.

“ನೋಡಮ್ಮ, ಸಿಸ್ಟಮ್‌ನಾಗೆ ಐದೂ ಮೂವತ್ತೊಂದಕ್ಕೆ ಔಟ್ ಐತೆ. ಆಮ್ಯಾಕೆ ನೀನು ಎಲ್ಲಿ ಸುಟ್ಕಂಡ್ಯೋ ನಂಗೇನ್ ಗೊತ್ತು.”

“ಇಲ್ಲೇ ಸುಟ್ಕೊಂಡೀನ್ರಿ. ನಿಮ್ಮ ಪೆಟಿಗಿ.”

“ಕ್ಲಿನಿಕ್ಕಿನ ಚೀಟಿ ತತ್ತಾ.”

ಸುನೀತಾ ಚೀಟಿಯನ್ನು ಮೊದಲು ತಾನು ಓದಿದಳು. ಮನೆಯಲ್ಲಿ ಇಸ್ತ್ರಿ ಮಾಡುವಾಗ ಆದ ಸುಟ್ಟಗಾಯ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬರೆಸಿದವನು ಕರೆದುಕೊಂಡು ಹೋದವನು. ಆಂಜನಪ್ಪ ಬಾಗಿಲಲ್ಲೇ ನಿಂತಿದ್ದ.

“ಏನು ಬರದೈತಿ?” ಕದಿರಮ್ಮ ಕೇಳಿದಳು.

“ಮನ್ಯಾಗ ಸುಟ್ಟೈತಿ ಅಂತ.”

ಕದಿರಮ್ಮ ಚಂದ್ರಮೋಹನನನ್ನು ನೋಡಿದಳು. “ನಮ್ಮನ್ಯಾಗ ಇಸ್ತ್ರಿ ಪೆಟಿಗಿ ಎಲ್ಲೈತ್ರಿ ಸಾರ್? ಇಸ್ತ್ರಿ ಮಾಡಾಕ ಅರಿವಿ ಎಲ್ಲಿ ಅದಾವ?” ಆಮೇಲೆ ಬಾಗಿಲ ಕಡೆ ತಿರುಗಿದಳು. “ಆಂಜನಪ್ಪಣ್ಣ, ಶನಿವಾರ ಒಪ್ಪತ್ತು ಮಾಡ್ತೀರಿ. ನೇಮಕಲ್ಲು ಆಂಜನೇಯನ ಮ್ಯಾಲ ಆಣಿ ಮಾಡಿ ಹೇಳ್ರಿ, ನಾನು ಮನ್ಯಾಗ ಸುಟ್ಕೊಂಡೆ ಅಂತ.”

ಆಂಜನಪ್ಪ ನೆಲ ನೋಡಿದ.

“ದೇವ್ರುನ್ನ ಆಫೀಸಿಗೆ ತರಬ್ಯಾಡ,” ಎಂದ ಚಂದ್ರಮೋಹನ್. “ಶುಕ್ರವಾರ ಬಾ, ನೋಡಾನ.”

ಹೊರಗೆ ಬಂದ ಮೇಲೆ ಕದಿರಮ್ಮ ಸುನೀತಾಳನ್ನು ಕೇಳಿದಳು: “ಆ ಕಂಪ್ಯೂಟರಿನಾಗ ಖರೇನೆ ಹಂಗ ಬರದೈತೇನು, ಇಲ್ಲ ನಿಮ್ಮ ಸಾರ್ ನನಗ ಟೋಪಿ ಹಾಕ್ಯಾನೋ?”

“ಹಂಗ ಬರದೈತಿ ಚಿಗವ್ವ.”

“ನೀನೂ ಅದರ ಮುಂದೇ ಕುಂದರ್ತಿ,” ಎಂದು ಕದಿರಮ್ಮ ಹೊರಟುಹೋದಳು.

*

ಸುನೀತಾಳ ಲಾಗಿನ್ನಿನಲ್ಲಿ ಎರಡು ಪುಟ ತೆರೆಯುತ್ತವೆ. ಒಂದು ಲೈನಿನ ಹಾಜರಿ, ಇನ್ನೊಂದು ಸ್ಕ್ಯಾನಿಂಗ್. ತೆರೆದ ಪುಟದ ಮೇಲೆ ಒಂದು ಕೀ ಒತ್ತಿದರೆ ಬ್ರೌಸರಿನ ಕೆಳಗೆ ಖಾಲಿ ಜಾಗ ಬರುತ್ತದೆ. ಅಲ್ಲಿ ಸಣ್ಣ ಪ್ರೋಗ್ರಾಂ ಬರೆದು ಓಡಿಸಬಹುದು. ಪುಟದಲ್ಲಿ ಕಾಣುವುದನ್ನೇ ಅದು ಓದುತ್ತದೆ, ಕಳೆಯುತ್ತದೆ, ಕೂಡುತ್ತದೆ. ಏನನ್ನೂ ಬದಲಾಯಿಸುವುದಿಲ್ಲ. ಇದನ್ನು ಡಿಗ್ರಿಯ ಕೊನೆಯ ವರ್ಷ ಕಲಿತಿದ್ದಳು.

ಬುಧವಾರ ಊಟದ ಅರ್ಧ ಗಂಟೆಯಲ್ಲಿ ಹದಿನೆಂಟು ಸಾಲು ಬರೆದಳು. ಹಾಜರಿಯ ಪುಟದಲ್ಲಿ ಪ್ರತಿಯೊಬ್ಬಳೂ ಹೊರಗೆ ಹೋದ ಸಮಯ ಓದು, ಅದರಲ್ಲಿ ಐದೂವರೆ ಕಳೆ, ಉಳಿದದ್ದು ಹೆಚ್ಚುವರಿ ಹೊತ್ತು. ಓಡಿಸಿದಳು. ನಲವತ್ತೆರಡು ಹೆಸರು ಬಂದವು. ಒಂದು ನಿಮಿಷ, ಎರಡು ನಿಮಿಷ, ಸೊನ್ನೆ, ಒಂದು ನಿಮಿಷ. ಕದಿರಮ್ಮನದು ಒಂದು ನಿಮಿಷ.

ಲಕ್ಷ್ಮಿದೇವಿ ಬಂಡಲ್ ಚೀಟಿ ಇಡಲು ಬಂದವಳು ಪರದೆ ನೋಡಿದಳು. ಲೈನಿನ ಹಿರಿಯ ಟೈಲರು. ರಾಯದುರ್ಗದ ಪೇಟೆಯವಳು. ಅಪ್ಪ, ಅಜ್ಜ ಎಲ್ಲರೂ ಹೊಲಿದವರೇ.

“ಏನದು?”

“ಓಟಿ ಲೆಕ್ಕ, ಯಕ್ಕ.”

“ನಂದೆಷ್ಟು?”

“ಎರಡು ನಿಮಿಷ.”

ಲಕ್ಷ್ಮಿದೇವಿ ಮೆಲ್ಲಗೆ ನಕ್ಕಳು. “ಎರಡು ನಿಮಿಷದಾಗ ನಾನು ಅರವತ್ತು ಪ್ಯಾಂಟಿಗೆ ಜಿಪ್ ಹಾಕೀನಿ ನೋಡು. ಕಂಪ್ನಿ ಕಂಪ್ಯೂಟರು ಕಂಪ್ನಿ ಮಾತೇ ಆಡ್ತೈತಿ. ಅದನ್ನ ನಮಗ್ಯಾಕ ತೋರಸ್ತಿ? ಆಫೀಸಿನ್ಯಾಗ ತೋರಿಸು, ನಿನಗ ಕುರ್ಚಿ ಕೊಡ್ತಾರ.”

ಸುನೀತಾಳಿಗೆ ಆಗ ಹೊಳೆಯಿತು. ಆ ಪಟ್ಟಿಯನ್ನು ಕಾಗದಕ್ಕೆ ಇಳಿಸಿದರೆ ಅದು ಕಂಪನಿಯ ಪರವಾದ ಸಾಕ್ಷಿ. ನಲವತ್ತೆರಡು ಜನ ತಾವಾಗಿಯೇ ಬೆರಳೊತ್ತಿ ಕೊಟ್ಟ ಸಾಕ್ಷಿ. ಬರೆದ ಹದಿನೆಂಟು ಸಾಲನ್ನೂ ಅಳಿಸಿದಳು.

ಸಂಜೆ ಸೀಟಿ ಕೇಳಿಸಿತು. ಬೆರಳು ಮುಗಿಸಿ ಎಲ್ಲರೂ ಮತ್ತೆ ಕೂತರು. ಕದಿರಮ್ಮನ ಜಾಗದಲ್ಲಿ ಇನ್ನೊಬ್ಬಳು ಇಸ್ತ್ರಿ ಹಾಕುತ್ತಿದ್ದಳು. ಲಕ್ಷ್ಮಿದೇವಿ ಮುಗಿದ ಬಂಡಲಿನ ಚೀಟಿ ತಂದಿಟ್ಟಳು. ಸುನೀತಾ ಕಾರ್ಡಿನ ಮೇಲೆ ಸ್ಕ್ಯಾನರ್ ಹಿಡಿದಳು. ಪೀಂ ಎಂದಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಲಕ್ಷ್ಮಿದೇವಿ, ಬಂಡಲ್ ನಂಬರು, ಸಮಯ. ಆರು ಗಂಟೆ ಇಪ್ಪತ್ತು ನಿಮಿಷ.

ದಿನಕ್ಕೆ ಎರಡು ಸಾವಿರ ಸಲ ನೋಡುವ ಸಾಲು ಅದು. ಹತ್ತು ತಿಂಗಳಿಂದ ನೋಡಿದ್ದಳು. ಸಮಯದ ಕಾಲಮ್ಮಿನ ಮೇಲೆ ಎಂದೂ ಕಣ್ಣು ನಿಂತಿರಲಿಲ್ಲ.

“ಏನು ಹಂಗ ನೋಡ್ತಿ?” ಎಂದಳು ಲಕ್ಷ್ಮಿದೇವಿ. “ಕಾರ್ಡು ಕೊಡು.”

*

ಗುರುವಾರ ಊಟದ ಹೊತ್ತಿನಲ್ಲಿ ಮೂವತ್ತನಾಲ್ಕು ಸಾಲಿನ ಪ್ರೋಗ್ರಾಂ ತಯಾರಾಯಿತು. ಹಾಜರಿಯ ಪುಟದಿಂದ ಬೆರಳೊತ್ತಿದ ಸಮಯ ತೆಗೆದುಕೊಳ್ಳುತ್ತದೆ. ಸ್ಕ್ಯಾನಿಂಗ್ ಪುಟದಿಂದ ಅದೇ ಹೆಸರಿನ ಆ ದಿನದ ಕೊನೆಯ ಬಂಡಲಿನ ಸಮಯ ತೆಗೆದುಕೊಳ್ಳುತ್ತದೆ. ನಡುವಿನ ಹೊತ್ತು ಲೆಕ್ಕ ಹಾಕುತ್ತದೆ. ತಿಂಗಳ ಒಂದನೇ ತಾರೀಖಿನಿಂದ ಮಂಗಳವಾರದವರೆಗೆ ಇಪ್ಪತ್ತು ಕೆಲಸದ ದಿನ. ಕದಿರಮ್ಮನ ಹೆಸರಿನ ಮುಂದೆ ಮೂವತ್ತೆಂಟು ಗಂಟೆ ಇಪ್ಪತ್ತೈದು ನಿಮಿಷ ಬಂತು. ಮಂಗಳವಾರ ಬೆರಳೊತ್ತಿದ್ದು ಐದೂ ಮೂವತ್ತೊಂದು. ಕೊನೆಯ ಬಂಡಲ್ ಏಳೂ ನಾಲ್ಕು.

ಅದು ಸರಿಯೋ ಎಂದು ಐದು ದಿನದ ಲೆಕ್ಕವನ್ನು ಕೈಯಿಂದಲೇ ಕೂಡಿ ನೋಡಿದಳು. ಸರಿಯಿತ್ತು. ಆಮೇಲೆ ಏಳು ಜನ ಹೆಂಗಸರಿಗೆ ತೋರಿಸಿದಳು. ಅವರು ತಮ್ಮ ತಮ್ಮ ಸಾಲು ಕೇಳಿದರು, ಗಂಟೆ ಕೇಳಿದರು, ಡಬ್ಬಿ ತೊಳೆಯಲು ಹೋದರು. ಲಕ್ಷ್ಮಿದೇವಿ ಮಾತ್ರ ನಿಂತಳು.

“ಇದನ್ನ ಮಾಡಾಕ ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ.”

“ಯಾರೂ ಹೇಳ್ದೆ ಈ ಕಂಪ್ನ್ಯಾಗ ಯಾರು ಯಾವ ಕೆಲ್ಸ ಮಾಡ್ತಾರ? ನಮ್ಮ ಬಾಯಿಲೆ ಏನು ಬರ್ತೈತಿ ಅಂತ ನೋಡಾಕ ಕಳಿಸ್ಯಾರೇನು?”

“ಕದಿರವ್ವಂದು ಕೈ ಯಕ್ಕ.”

“ಕೈ ಕಾಣಸ್ತೈತಿ. ಅದರ ಹಿಂದ ಯಾರದಾರ ಅನ್ನೋದು ಕಾಣಸಂಗಿಲ್ಲ.”

ಫೋನುಗಳನ್ನು ಗೇಟಿನಲ್ಲೇ ಇಟ್ಟುಬರಬೇಕು. ಕಂಪ್ಯೂಟರಿನ ಪೆನ್‌ಡ್ರೈವ್ ಕಿಂಡಿಗೆ ಅರಗು ಮೆತ್ತಿದ್ದಾರೆ. ಸುನೀತಾ ಮೂವತ್ತನಾಲ್ಕು ಸಾಲನ್ನು ಹಾಳಾದ ಬಂಡಲ್ ಚೀಟಿಗಳ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಳು. ಹನ್ನೊಂದು ಚೀಟಿಯಾದವು. ಸಂಜೆ ಊರಿಗೆ ಹೋಗುವ ಆಟೋದಲ್ಲಿ, ಹಿಂದಿನ ಸೀಟಿನಲ್ಲಿ ಐವರ ನಡುವೆ ಒತ್ತಿ ಕೂತು, ಒಂದೊಂದೇ ಚೀಟಿ ನೋಡಿ ಫೋನಿನಲ್ಲಿ ಟೈಪ್ ಮಾಡಿದಳು. ಒಂದು ಬ್ರಾಕೆಟ್ಟು ತಪ್ಪಿದರೂ ಅದು ಓಡುವುದಿಲ್ಲ. ಊರು ಬರುವಷ್ಟರಲ್ಲಿ ಎರಡು ಸಲ ಸರಿ ನೋಡಿದ್ದಳು. ಅದನ್ನು ರಮ್ಯಳಿಗೆ ಕಳಿಸಿದಳು.

ರಮ್ಯ ಕಾಲೇಜಿನಲ್ಲಿ ಒಂದೇ ಬೆಂಚಿನವಳು. ಮೂಲ ಮಡಕಶಿರದ ಕಡೆಯವಳು. ಅಲ್ಲಿಯ ಕಾರ್ಖಾನೆಯಲ್ಲಿ ಇದೇ ಸ್ಕ್ಯಾನಿಂಗ್ ಕೆಲಸ. ವೆಬ್‌ಸೈಟು ಒಂದೇ.

ಹತ್ತು ನಿಮಿಷಕ್ಕೆ ರಮ್ಯಳ ವಾಯ್ಸ್ ಮೆಸೇಜು ಬಂತು. “ಏನೇ ಇದು, ವೈರಸ್ಸಾ? ನನ್ನ ಕೆಲ್ಸ ಕಳೀಬೇಕು ಅಂತ ಮಾಡಿದ್ದೀಯೇನೇ?”

ಸುನೀತಾ ಮೂವತ್ತನಾಲ್ಕು ಸಾಲಿನ ಅರ್ಥವನ್ನೂ ಬಿಡಿಸಿ ಹೇಳಿದಳು. ರಮ್ಯ ನೋಡ್ತೀನಿ ಎಂದಷ್ಟೇ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಎಂಟೂ ಐವತ್ತಕ್ಕೆ, ಗೇಟಿನಲ್ಲಿ ಫೋನು ಕೊಡುವ ಮೊದಲು, ಎರಡನೆಯ ಮೆಸೇಜು ಬಂತು. ದನಿ ತಗ್ಗಿತ್ತು. “ಇವತ್ತು ಬೇಗ ಬಂದು, ಚೀಟಿನಾಗೆ ಬರ್ಕೊಂಡು ಹೋಗಿ ಓಡ್ಸಿದೆ ಕಣೆ. ಈಗ ಫೋನಿಗೆ ಅಂತ ಗೇಟಿಗೆ ಬಂದಿದ್ದೀನಿ. ನಮ್ಮ ಲೈನಿನಾಗೆ ಮೂವತ್ತೊಂಬತ್ತು ಜನ. ಎಲ್ಲಾರೂ ಐದೂವರೆಗೆ ಔಟು. ಎಲ್ಲಾರ್ದೂ ಕೊನೇ ಬಂಡಲ್ಲು ಏಳೂ ಮುಕ್ಕಾಲು, ಎಂಟು. ನಾನು ಹೇಳ್ದೆ ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡ. ಅಂಗೇನಾರ ಆದ್ರೆ ನಾನು ನಿನ್ನ ನೋಡೇ ಇಲ್ಲ ಅಂತೀನಿ.”

*

ಹನ್ನೊಂದು ಗಂಟೆಗೆ ಚಂದ್ರಮೋಹನ್ ಕರೆಸಿದ.

“ಕಂಪ್ಯೂಟರ್‌ನಾಗೆ ಏನೇನೋ ಓಡಿಸ್ತಿದ್ದೀಯಂತೆ. ಸರ್ವರ್‌ನಾಗೆ ಎಲ್ಲಾ ಗೊತ್ತಾಗ್ತದೆ ಕಣಮ್ಮ.”

ಸುನೀತಾಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಆಕೆಯ ಪ್ರೋಗ್ರಾಂ ಸರ್ವರನ್ನು ಮುಟ್ಟುವುದೇ ಇಲ್ಲ. ಸರ್ವರಿಗೆ ಗೊತ್ತಾಗಿಲ್ಲವೆಂದರೆ ಒಬ್ಬರು ಬಾಯಿಬಿಟ್ಟಿದ್ದಾರೆ. ಏಳು ಮುಖಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೋಡಿದಳು.

ಅವನು ಬೈಯಲಿಲ್ಲ. ಕೂರಲು ಹೇಳಿದ. ಆಫೀಸಿನೊಳಗೆ ಹತ್ತು ತಿಂಗಳಲ್ಲಿ ಮೊದಲ ಸಲ ಆಕೆಗೆ ಕುರ್ಚಿ ತೋರಿಸಿದ್ದು. ಒಂದು ಬಿಳಿ ಹಾಳೆ ಮುಂದಿಟ್ಟ.

“ಒಂದ್ ನಾಕ್ ಲೈನ್ ಬರ್ದುಕೊಡು. ಹಗಲೆಲ್ಲಾ ಬಂಡಲ್ ಚೀಟಿ ಗುಡ್ಡೆ ಬಿದ್ದಿದ್ವು, ಐದೂವರೆ ಆದ್ಮೇಲೆ ನೀನೊಬ್ಬಳೇ ಕೂತು ಸ್ಕ್ಯಾನ್ ಮಾಡ್ದೆ, ಅದ್ಕೇ ಟೈಮ್ ತಪ್ಪಾಗಿ ಬಿದ್ದೈತೆ ಅಂತ. ಕೆಲ್ಸ ಕಲೀತಾ ಇರೋಳು, ತಪ್ಪಾಗ್ತದೆ. ಯಾರೂ ಏನೂ ಅನ್ನಲ್ಲ.”

ಸುನೀತಾ ಹಾಳೆ ನೋಡಿದಳು.

“ಸೋಮವಾರದಿಂದ ಈ ರೂಮಿನಾಗೇ ಕೂತ್ಕೊ. ನಿನ್ನ ಆರ್ಡರ್‌ನಾಗೆ ಆಫೀಸು ಅಂತಾನೇ ಐತಲ್ಲ. ಆವಾಗೇನೋ ಜಾಗ ಇರ್ಲಿಲ್ಲ.”

“ಜಾಗ ಇತ್ತು ಸಾರ್.”

ಅವನು ಪೆನ್ನನ್ನು ಹಾಳೆಯ ಮೇಲಿಟ್ಟ.

“ಕದಿರವ್ವಂದು ಮಂಗಳವಾರದ್ದು ತಗೀರಿ ಸಾರ್,” ಎಂದಳು ಸುನೀತಾ. “ಬೆರಳು ಒತ್ತಿದ್ಮ್ಯಾಲ ಏಳು ಬಂಡಲ್ ಐತಿ. ಐದೂ ನಲವತ್ತಾರು. ಐದೂ ಐವತ್ತೆಂಟು. ಆರೂ ಹನ್ನೊಂದು. ಆರೂ ಇಪ್ಪತ್ತನಾಲ್ಕು. ಆರೂ ಮೂವತ್ತೇಳು. ಆರೂ ಐವತ್ತೊಂದು. ಏಳೂ ನಾಲ್ಕು. ಗುಡ್ಡೆ ಬಿದ್ದಿದ್ದನ್ನ ನಾನು ಕುಂತು ಹೊಡದ್ರ ಏಳಕ್ಕೂ ಸೇರಿ ಒಂದು ನಿಮಿಷ ಸಾಕು. ಬೆಳಿಗ್ಗೆ ಆಕೀಗೆ ಒಂದು ಬಂಡಲಿಗೆ ಒಂಬತ್ತು ನಿಮಿಷ. ಸಂಜಿಗೆ ಹನ್ನೆರಡು, ಹದಿಮೂರು, ಹದಿನಾಲ್ಕು. ತಪ್ಪು ಎಂಟ್ರಿಗೆ ಸುಸ್ತು ಆಗಂಗಿಲ್ಲ ಸಾರ್.”

ಚಂದ್ರಮೋಹನ್ ಹಾಳೆಯನ್ನು ಅವಳ ಹತ್ತಿರಕ್ಕೆ ತಳ್ಳಿದ. “ಬಾಳ ಕಲ್ತಿದ್ದೀಯ.”

“ಮಡಕಶಿರದಾಗೂ ಹಿಂಗ ಐತಿ. ಅಲ್ಲಿಗೂ ನಾನೇ ಹೋಗಿ ತಪ್ಪು ಮಾಡಿ ಬಂದೀನೇನ್ರಿ?”

ಅವನ ಮುಖ ಬದಲಾಯಿತು. “ಮಡಕಶಿರದ್ದು ನಿಂಗೆ ಯಾರ್ ಕೊಟ್ರು?”

ಸುನೀತಾ ಹೇಳಲಿಲ್ಲ. ಮೂರು ಸಲ ಕೇಳಿದ. ಮೂರು ಸಲವೂ ಹೇಳಲಿಲ್ಲ.

“ಕಾರ್ಡ್ ಇಡು. ಬರೆಯೋಗಂಟ ಆ ಬಾಗ್ಲಾಗೆ ನಿಂತಿರು. ಕಾಲನಿಯೋರಿಗೆ ಕುರ್ಚಿ ತೋರಿಸಿದ್ದು ನನ್ದೇ ತಪ್ಪು.”

ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಹಾಳೆಯನ್ನು ಮಾತ್ರ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತಳು. ಹನ್ನೊಂದೂ ಇಪ್ಪತ್ತು. ಆಫೀಸಿನ ಬಾಗಿಲು ಮೂರನೇ ಲೈನಿಗೆ ಎದುರಾಗಿದೆ. ನಲವತ್ತು ಜನ ತಲೆಯೆತ್ತಿದರೆ ಅವಳೇ ಕಾಣಬೇಕು. ಊಟಕ್ಕೆ ಬಿಡಲಿಲ್ಲ. ನೀರು ಕೇಳಿದಾಗ ಬರೆದು ಕುಡಿ ಎಂದ. ಎರಡು ಗಂಟೆಗೆ ಕಾಲಿನ ಮೀನಖಂಡ ನಡುಗತೊಡಗಿತು. ಗೋಡೆಗೆ ಒರಗಿದಾಗ ಒಳಗಿನಿಂದ ನೆಟ್ಟಗೆ ನಿಲ್ಲು ಎಂಬ ಮಾತು ಬಂತು. ಮೂರು ಗಂಟೆಗೆ ಬಾತ್‌ರೂಮಿಗೆ ಕೇಳಿದಳು. ಉತ್ತರ ಬರಲಿಲ್ಲ. ಹೋಗಿ ಬಂದು ಅದೇ ಜಾಗದಲ್ಲಿ ನಿಂತಳು.

ಬರೆದುಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದಳು. ನಾಲ್ಕು ಸಾಲು. ಮನೆಯಲ್ಲಿ ಯಾರೂ ಬೈಯುವುದಿಲ್ಲ. ಕದಿರಮ್ಮನಿಗೇ ಗೊತ್ತಾಗುವುದಿಲ್ಲ, ಆಕೆಗೆ ಓದಲು ಬರುವುದಿಲ್ಲ. ಆ ಕೊನೆಯ ಮಾತು ಮನಸ್ಸಿಗೆ ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹಾಳೆಯನ್ನು ನಾಲ್ಕಾಗಿ ಹರಿದಳು. ಚೂರುಗಳನ್ನು ಒಳಗೆ ಹೋಗಿ ಅವನ ಮೇಜಿನ ಮೇಲಿಟ್ಟಳು. ಮತ್ತೆ ಬಂದು ನಿಂತಳು.

ಅದನ್ನು ಮೂರನೇ ಲೈನು ನೋಡಿತು.

ನಾಲ್ಕೂ ಮುಕ್ಕಾಲಿಗೆ ಲಕ್ಷ್ಮಿದೇವಿ ಎದ್ದು ನೀರಿನ ಡ್ರಮ್ಮಿನ ಕಡೆ ಬಂದಳು. ದಾರಿ ಬಾಗಿಲ ಮುಂದೆಯೇ. ನಿಂತಳು.

“ನಾನೇ ಹೇಳೀನಿ,” ಎಂದಳು. “ಆಂಜನಪ್ಪಗ. ನಿನ್ನೆ.”

ಸುನೀತಾ ಅವಳ ಮುಖ ನೋಡಿದಳು.

“ಆಫೀಸಿನೋರೇ ನಿನ್ನ ಕೈಲೆ ಆಟ ಕಟ್ಟಿಸ್ಯಾರ ಅಂದ್ಕೊಂಡೆ. ನಮ್ಮ ಹೆಸರು ಬರಬಾರದು ಅಂತ ಮೊದ್ಲೇ ಹೇಳಿಬಿಟ್ಟೆ. ಅವರ ಕಡೆಯಾಕಿ ಆಗಿದ್ರ ನಿನ್ನ ಹಿಂಗ ಬಿಸಿಲಾಗ ಒಣಗಿಸಿದಂಗ ನಿಲ್ಲಸ್ತಿದ್ದಿಲ್ಲ.” ಕ್ಷಮೆ ಕೇಳಲಿಲ್ಲ. “ನಂದು ಎಷ್ಟು ಬಂದಿತ್ತು, ಇನ್ನೊಮ್ಮೆ ಹೇಳು.”

“ನಲವತ್ತು ಗಂಟಿ ಹತ್ತು ನಿಮಿಷ.”

ಲಕ್ಷ್ಮಿದೇವಿ ನೀರು ಕುಡಿಯದೆ ವಾಪಸು ಹೋದಳು. ಯಂತ್ರಕ್ಕೆ ಕೂರುವ ಮೊದಲು ಎಡಕ್ಕೂ ಬಲಕ್ಕೂ ಬಾಗಿ ಏನೋ ಹೇಳಿದಳು.

*

ಐದು ಗಂಟೆಗೆ ಕದಿರಮ್ಮ ಬಂದಳು. ಶುಕ್ರವಾರ ಬಾ ಎಂದಿದ್ದರಲ್ಲ. ಬಾಗಿಲಲ್ಲಿ ನಿಂತಿದ್ದ ಸುನೀತಾಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಬ್ಯಾಂಡೇಜಿನ ಅಂಚು ಹಳದಿಯಾಗಿತ್ತು. ವಾಸನೆ ಬರುತ್ತಿತ್ತು.

ಐದೂವರೆಗೆ ಸೀಟಿ ಕೇಳಿಸಿತು. ಯಂತ್ರಗಳು ನಿಂತವು. ಮೂರನೇ ಲೈನು ಎದ್ದು ಬಾಗಿಲಿಗೆ ಹೋಯಿತು. ಲಕ್ಷ್ಮಿದೇವಿ ಮೊದಲು ನಿಂತಳು. ಬೆರಳೊತ್ತಲಿಲ್ಲ.

“ಆಂಜನಪ್ಪಣ್ಣ, ಒಳಗ ಇನ್ನ ಕೆಲ್ಸ ಐತೇನ್ರಿ?”

“ಐತಲ್ಲ ಬೇ. ಲಾರಿ ನಿಂತೈತಿ. ಎಂಟಕ್ಕ ಮಾಲು ಹೋಗ್ಬೇಕು. ಬೆರಳು ಮುಗಿಸಿ ಬರ್ರಿ.”

“ಬೆರಳು ಮುಗಿಸಿದ್ರ ಮನಿಗೆ ಹೋಗ್ತೀವಿ. ಕೆಲ್ಸ ಮಾಡ್ಬೇಕಂದ್ರ ಆಮ್ಯಾಲ ಒತ್ತತೀವಿ. ಎರಡ್ರಾಗ ಯಾವ್ದು ಹೇಳ್ರಿ.”

“ಇದೇನು ಹೊಸಾ ಮಾತು?”

“ಹಳೇ ಮಾತು. ಇಷ್ಟು ದಿನ ಆಡಿದ್ದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಾರೂ ಬೆರಳು ಚಾಚಲಿಲ್ಲ. ಯಾರೂ ಹಿಂದಕ್ಕೂ ಹೋಗಲಿಲ್ಲ. ಉಳಿದ ಮೂರು ಲೈನಿನವರು ಎದ್ದು ನಿಂತು ನೋಡುತ್ತಿದ್ದರು. ಅವರ ಬೆರಳುಗಳೂ ಅಲ್ಲೇ ನಿಂತವು, ದಾರಿಯನ್ನು ಮೂರನೇ ಲೈನು ಕಟ್ಟಿತ್ತು.

ಚಂದ್ರಮೋಹನ್ ಹೊರಗೆ ಬಂದ. ಬೆದರಿಸಿದ. ಹೆಸರು ಬರೆದುಕೊಳ್ಳುತ್ತೇನೆಂದ. “ಬರ್ಕೊಳ್ರಿ, ಕೊಳ್ಳಾಗೇ ಐತಿ,” ಎಂದು ಒಬ್ಬಳು ಕಾರ್ಡು ಎತ್ತಿ ತೋರಿಸಿದಳು. ಲಾರಿಯ ಡ್ರೈವರು ಗೇಟಿನಲ್ಲಿ ಎರಡು ಸಲ ಹಾರನ್ನು ಹೊಡೆದ. ಐದೂ ಐವತ್ತಾಯಿತು.

“ಏನ್ ಬೇಕ್ರಮ್ಮ ನಿಮ್ಗೆ?”

“ಮೊದ್ಲು ಕದಿರವ್ವಂದು ಫಾರಂ ಬರೀರಿ,” ಎಂದಳು ಲಕ್ಷ್ಮಿದೇವಿ. “ಉಳದಿದ್ದು ಆಮ್ಯಾಲ.”

ಅವನು ಒಳಗೆ ಹೋಗಿ ಫಾರಂ ತಂದ. ಆಫೀಸಿನ ಬಾಗಿಲ ಬಳಿಯ ಮೇಜಿನ ಮೇಲೆ, ಎಲ್ಲರೂ ನೋಡುವಂತೆ, ಬೇಗಬೇಗ ತುಂಬಿದ. ಹೆಸರು, ಲೈನು, ಗಾಯ, ಸ್ಥಳ, ತಾರೀಖು, ಸಮಯ. ಸಹಿ ಹಾಕಿ ಸೀಲು ಒತ್ತಿದ. ಇಂಕಿನ ಪ್ಯಾಡನ್ನು ಕದಿರಮ್ಮನ ಕಡೆ ತಳ್ಳಿದ.

“ತಗಾ, ಹೆಬ್ಬೆಟ್ಟು ಒತ್ತು. ನಾಳೇನೆ ಆಸ್ಪತ್ರೆಗೆ ಹೋಗು.”

ಕದಿರಮ್ಮ ಒತ್ತಲಿಲ್ಲ. “ಸುನೀತಾ, ಓದು.”

ಸುನೀತಾ ಮೇಲಿನಿಂದ ಓದಿದಳು. ಸಮಯದ ಹತ್ತಿರ ನಿಂತಳು.

“ಐದೂ ಇಪ್ಪತ್ತು ಅಂತ ಬರದಾರ.”

ಚಂದ್ರಮೋಹನ್ ತಗ್ಗಿದ ದನಿಯಲ್ಲಿ ಹೇಳಿದ: “ಅದ್ರಾಗೆ ನಿಂಗೇನ್ ಲುಕ್ಸಾನು? ಕಂಪ್ನ್ಯಾಗೇ ಆಗಿದ್ದು ಅಂತ ಬರ್ದಿದ್ದೀನಿ. ಡ್ಯೂಟಿನಾಗೇ ಆಗಿದ್ದು ಅಂತ ಬರ್ದಿದ್ದೀನಿ. ಆಪರೇಷನ್ ಆಗ್ತದೆ, ರಜೆ ಸಿಗ್ತದೆ. ನಿಂಗೆ ಕೈ ಬೇಕಾ, ಟೈಮ್ ಬೇಕಾ?”

ಫಾರಂ ಕೈಯಲ್ಲಿತ್ತು. ಸೀಲು ಬಿದ್ದಿತ್ತು. ಒತ್ತು ಚಿಗವ್ವ ಎಂದು ಸುನೀತಾಳ ಬಾಯಿಗೇ ಬಂದಿತ್ತು.

ಕದಿರಮ್ಮ ಎದ್ದು ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟಳು.

“ಐದೂ ಇಪ್ಪತ್ತಕ್ಕ ನನ್ನ ಕೈ ನೆಟ್ಟಗಿತ್ರಿ,” ಎಂದಳು. “ಆಮ್ಯಾಲ ಇದೇ ಕೈಲೆ ಏಳು ಬಂಡಲ್ ಹಾಕೀನಿ. ಎಪ್ಪತ್ತು ಪ್ಯಾಂಟು. ಐದೂ ಇಪ್ಪತ್ತಕ್ಕ ಸುಟ್ಟಿತ್ತಂದ್ರ ಅವನ್ನ ಯಾರು ಹಾಕಿದ್ರು? ನೀವು ಹಾಕಿದ್ರೇನು?”

“ಹಟ ಮಾಡ್ಬ್ಯಾಡ.”

“ನೀವು ಹಾಕಿದ್ರೇನು ಸಾರ್?”

ಗೇಟಿನಲ್ಲಿ ಮತ್ತೆ ಹಾರನ್ನು. ಆರೂ ಐದು. ಚಂದ್ರಮೋಹನ್ ಫೋನು ತೆಗೆದು ಹೊರಗೆ ಹೋದ. ಯಾರ ಜೊತೆಗೋ ತೆಲುಗಿನಲ್ಲಿ ಮಾತಾಡಿದ. ಸರೇ ಸರ್, ಸರೇ ಸರ್ ಎಂಬುದಷ್ಟೇ ಕೇಳಿಸಿತು. ಬಂದು, ಸುನೀತಾಳ ಕಡೆ ನೋಡಿ, ನೀನು ಸೋಮವಾರದಿಂದ ಬರಬೇಡ ಎಂದ. ಅವಳು ಆಯ್ತ್ರಿ ಎಂದಳು. ಅವನು ಪೆನ್ನು ತೆಗೆದ. ಬರೆದಿದ್ದನ್ನು ಒಂದು ಗೆರೆ ಎಳೆದು ಹೊಡೆದ. ಪಕ್ಕದಲ್ಲಿ ಬೇರೆ ಸಮಯ ಬರೆದ. ತಿದ್ದಿದ್ದಕ್ಕೆ ಚಿಕ್ಕ ಸಹಿ ಹಾಕಿದ.

“ಓದು,” ಎಂದಳು ಕದಿರಮ್ಮ.

“ಏಳೂ ಹತ್ತು.”

ಕದಿರಮ್ಮ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಲಕ್ಷ್ಮಿದೇವಿಯ ಮುಂದೆ ಹಿಡಿದಳು. “ನೀ ಓದವ್ವ.”

“ಏಳೂ ಹತ್ತು ಅಂತ ಐತಿ.”

ಅಷ್ಟಕ್ಕೂ ಆಕೆಗೆ ಸಮಾಧಾನವಾಗಲಿಲ್ಲ. ನಡೆದು ಹೋಗಿ ಆಂಜನಪ್ಪನ ಮುಂದೆ ನಿಂತಳು. ಕಾಗದ ಅವನ ಕಣ್ಣಿನ ಹತ್ತಿರ ಹಿಡಿದಳು. ಅವನು ಚಂದ್ರಮೋಹನನ ಕಡೆ ನೋಡಿದ.

“ಅವರ ಮುಖದಾಗ ಬರದಿಲ್ಲ. ಇಲ್ಲಿ ನೋಡ್ರಿ.”

“ಏಳು ಗಂಟಿ,” ಎಂದ ಆಂಜನಪ್ಪ.

“ಅಷ್ಟೇ ಬರದೈತೇನು?”

“ಏಳು ಗಂಟಿ ಹತ್ತು ನಿಮಿಷ.”

“ಎಲ್ಲಿ ಅಂತ ಬರದೈತಿ?”

“ಕಂಪ್ನ್ಯಾಗ.”

“ಜೋರಾಗಿ ಹೇಳ್ರಿ. ಹಿಂದಿನೋರಿಗೆ ಕೇಳ್ಸಿಲ್ಲ.”

ಅವನು ಜೋರಾಗಿ ಹೇಳಿದ. ಕದಿರಮ್ಮ ಮೇಜಿನ ಹತ್ತಿರ ವಾಪಸು ಬಂದು ಬಲಗೈ ಹೆಬ್ಬೆಟ್ಟನ್ನು ಪ್ಯಾಡಿನ ಮೇಲೆ ಒತ್ತಿದಳು.